ಅಂಗಾಲಿನ ಕಪ್ಪು ಕಲೆ ಕಾಲಾಣಿಯಲ್ಲ ಎಂದು ತಿಳಿದ ಮೇಲೆ

ಪ್ರಶ್ನೆ: ನನ್ನ ತಂದೆಯವರಿಗೆ 64 ವರ್ಷ, ಮಲೆನಾಡಿನಲ್ಲಿ ಅಡಿಕೆ ಬೆಳೆಗಾರರು. ಹಿಮ್ಮಡಿಯ ಹತ್ತಿರವಿದ್ದ ಕಪ್ಪು ಕಲೆಯನ್ನು ಕಾಲಾಣಿ ಎಂದು ತಿಳಿದು ಒಂದೂವರೆ ವರ್ಷ ಪಟ್ಟಿ ಹಚ್ಚಿದೆವು. ಅದು ಹುಣ್ಣಾಗಿ ರಕ್ತ ಒಸರತೊಡಗಿದಾಗ ಬಯಾಪ್ಸಿ ಮಾಡಿಸಿದೆವು. ಮೆಲನೋಮ ಎಂದು ವರದಿ ಬಂದಿದೆ. ತೊಡೆಸಂದಿನಲ್ಲಿ ಗಂಟಿದೆ, ಪೆಟ್ ಸ್ಕ್ಯಾನ್‌ನಲ್ಲಿ ಶ್ವಾಸಕೋಶದಲ್ಲಿ ಮೂರು ಚುಕ್ಕೆಗಳು ಕಂಡಿವೆ. ನಾಲ್ಕನೇ ಹಂತ ಎನ್ನುತ್ತಾರೆ. ಬಯಾಪ್ಸಿಯಿಂದಲೇ ಹರಡಿತೆಂದು ನೆಂಟರ ವಾದ. ತಂದೆಯವರಿಗೆ ಕ್ಯಾನ್ಸರ್ ಎಂದು ಹೇಳಿಲ್ಲ. ಚಿಕಿತ್ಸೆ ಇದೆಯೇ?

ಉತ್ತರ: ಮೊದಲು ನೆಂಟರ ಮಾತನ್ನು ಬದಿಗಿಡಿ. ಬಯಾಪ್ಸಿಯಿಂದ ಮೆಲನೋಮ ಹರಡುವುದಿಲ್ಲ. ಬಯಾಪ್ಸಿ ಮಾಡುವ ಹೊತ್ತಿಗೆ ಆ ಕೋಶಗಳು ತೊಡೆಸಂದನ್ನು ಆಗಲೇ ತಲುಪಿದ್ದವು. ಕಾಲಾಣಿ ಎಂದು ಭ್ರಮಿಸಿದ್ದಕ್ಕೂ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಮೆಲನೋಮ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್. ಬಿಳಿಯರಲ್ಲಿ ಬಿಸಿಲು ತಾಗುವ ಚರ್ಮದಲ್ಲಿ ಹೆಚ್ಚು. ನಮ್ಮವರಲ್ಲಿ ಅದು ಅಪರೂಪ, ಬಂದರೆ ಹೆಚ್ಚಾಗಿ ಯಾರೂ ತಿರುಗಿಸಿ ನೋಡದ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನಡಿಯಲ್ಲಿ ಬರುತ್ತದೆ.

ಕ್ಯಾನ್ಸರ್ ತೊಡೆಸಂದಿನ ದುಗ್ಧಗ್ರಂಥಿಯವರೆಗೆ (ಲಿಂಫ್ ನೋಡ್) ಮಾತ್ರ ಹೋಗಿದ್ದರೆ ಅದು ಮೂರನೇ ಹಂತ, ದೂರದ ಅಂಗವನ್ನು ಸೇರಿದ್ದರೆ ನಾಲ್ಕನೆಯದು. ಹಂತ ಎಂಬುದು ರೋಗ ಎಲ್ಲಿಯವರೆಗೆ ಹೋಗಿದೆ ಎಂದು ಹೇಳುತ್ತದೆಯೇ ಹೊರತು ಎಷ್ಟು ದಿನ ಉಳಿದಿದೆ ಎಂದಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಮೆಲನೋಮ ಯಕೃತ್ತು ಮತ್ತು ಮೆದುಳಿಗೆ ಹರಡಿತ್ತು. ಚಿಕಿತ್ಸೆಯ ನಂತರ ಅವರು 2024ರ ಡಿಸೆಂಬರ್‌ವರೆಗೆ ಬದುಕಿದರು. ಎಲ್ಲರಿಗೂ ಹೀಗಾಗುತ್ತದೆಂದು ನಾನು ಹೇಳಲಾರೆ, ಆದರೆ ನಾಲ್ಕನೇ ಹಂತ ಎಂದೊಡನೆ ಕೈಚೆಲ್ಲುವ ಕಾಲ ಇದಲ್ಲ.

ಚಿಕಿತ್ಸೆಗೆ ಮುನ್ನ ಮೂರು ವಿಷಯಗಳು ಸ್ಪಷ್ಟವಾಗಬೇಕು. ಶ್ವಾಸಕೋಶದ ಚುಕ್ಕೆಗಳು ಮೆಲನೋಮವೇ ಎಂದು ವೈದ್ಯರನ್ನು ಕೇಳಿ. ನಮ್ಮ ದೇಶದಲ್ಲಿ ಹಳೆಯ ಕ್ಷಯದ ಗುರುತುಗಳೂ ಹಾಗೆ ಕಾಣುವುದುಂಟು. ಪೆಟ್ ಸ್ಕ್ಯಾನ್ ತೋರಿಸುವುದು ಸಕ್ಕರೆಯಂಶವನ್ನು ಹೆಚ್ಚಾಗಿ ಹೀರುವ ಜಾಗಗಳನ್ನು; ಮೆದುಳು ಸದಾ ಅದನ್ನು ಹೀರುವುದರಿಂದ ಅಲ್ಲಿನ ಸಣ್ಣ ಗೆಡ್ಡೆಗಳು ಅದರಲ್ಲಿ ಮರೆಯಾಗುತ್ತವೆ, ಆದ್ದರಿಂದ ಎಂಆರ್‌ಐ ಬೇಕು. ಇನ್ನು, ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಪ್ರಯೋಗಾಲಯದಲ್ಲಿರುತ್ತದೆ; ಅದರಿಂದಲೇ ಬಿಆರ್‌ಎಎಫ್ ಮತ್ತು ಕಿಟ್ ಎಂಬ ಜೀನ್‌ಗಳ ಪರೀಕ್ಷೆ ಮಾಡಿಸಬಹುದು. ಬಿಆರ್‌ಎಎಫ್‌ನಲ್ಲಿ ನಿರ್ದಿಷ್ಟ ಬದಲಾವಣೆ ಇದ್ದರೆ ಡಾಬ್ರಾಫೆನಿಬ್, ಟ್ರಾಮೆಟಿನಿಬ್ ಎಂಬ ಜೋಡಿ ಮಾತ್ರೆಗಳು ಗೆಡ್ಡೆಗಳನ್ನು ಬೇಗ ಕುಗ್ಗಿಸಬಲ್ಲವು. ಅಂಗಾಲಿನ ಮೆಲನೋಮದಲ್ಲಿ ಈ ಬದಲಾವಣೆ ಕಡಿಮೆ. ಕಿಟ್‌ನಲ್ಲಿ ಬದಲಾವಣೆ ಇರುವ ಕೆಲವರಿಗೆ ಇಮಾಟಿನಿಬ್ ಉಪಯೋಗವಾಗುತ್ತದೆ.

ಬಹುತೇಕ ರೋಗಿಗಳಿಗೆ ಈಗ ಮೊದಲು ಯೋಚಿಸುವುದು ಇಮ್ಯುನೋಥೆರಪಿಯನ್ನು. ದೇಹದ ರಕ್ಷಣಾ ಕೋಶಗಳು ಮಿತಿಮೀರದಂತೆ ತಡೆಯುವ ಬ್ರೇಕ್‌ಗಳನ್ನು ಕ್ಯಾನ್ಸರ್ ತನ್ನ ರಕ್ಷಣೆಗೆ ಬಳಸಿಕೊಳ್ಳುತ್ತದೆ. ಡ್ರಿಪ್ ಮೂಲಕ ಕೊಡುವ ನಿವೋಲುಮಾಬ್, ಪೆಂಬ್ರೋಲಿಜುಮಾಬ್, ಇಪಿಲಿಮುಮಾಬ್ ಆ ಬ್ರೇಕನ್ನು ಸಡಿಲಿಸುತ್ತವೆ. ನಿವೋಲುಮಾಬ್ ಮತ್ತು ಇಪಿಲಿಮುಮಾಬ್‌ಗಳನ್ನು ಜೊತೆಯಾಗಿ ಪಡೆದವರಲ್ಲಿ ಶೇ 43ರಷ್ಟು ಜನ ಹತ್ತು ವರ್ಷಗಳ ನಂತರವೂ ಬದುಕಿದ್ದರೆಂದು 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಅಂಗಾಲಿನ ಮೆಲನೋಮ ಈ ಔಷಧಿಗಳಿಗೆ ಅಷ್ಟಾಗಿ ಬಗ್ಗುವುದಿಲ್ಲವಾದ್ದರಿಂದ ಆ ಅಂಕಿಯನ್ನು ನಿಮ್ಮ ತಂದೆಯವರಿಗೆ ನೇರವಾಗಿ ಅನ್ವಯಿಸಬೇಡಿ. ಔಷಧಿ ದುಬಾರಿ, ಸರ್ಕಾರಿ ಯೋಜನೆ, ವಿಮೆ, ತಯಾರಕರ ರಿಯಾಯಿತಿಗಳ ಬಗ್ಗೆ ಮೊದಲ ಡೋಸ್‌ಗೆ ಮುನ್ನವೇ ವಿಚಾರಿಸಿ.

ತಂದೆಯವರಿಗೆ ತಿಳಿಸಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳಲೇಬೇಕಾಗಿದೆ. ಬ್ರೇಕ್ ಸಡಿಲಿಸಿದಾಗ ರಕ್ಷಣಾ ಕೋಶಗಳು ಕರುಳು, ಯಕೃತ್ತು, ಶ್ವಾಸಕೋಶ, ಥೈರಾಯ್ಡ್‌ಗಳ ಮೇಲೂ ತಿರುಗಿಬೀಳಬಹುದು, ಕೆಲವೊಮ್ಮೆ ಔಷಧಿ ನಿಂತು ತಿಂಗಳುಗಳಾದ ಮೇಲೂ. ದಿನಕ್ಕೆ ನಾಲ್ಕೈದು ಬಾರಿ ಭೇದಿಯಾದರೆ ತೋಟಕ್ಕೆ ಹೋಗುವ ಮನುಷ್ಯ ಊಟ ಹೆಚ್ಚುಕಡಿಮೆಯಾಯಿತೆಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾನೆ. ಈ ಚಿಕಿತ್ಸೆಯಲ್ಲಿ ಅದು ಕರುಳಿನ ಉರಿಯೂತವಿರಬಹುದು. ಅದೇ ದಿನ ತಿಳಿಸಿದರೆ ಸಾಮಾನ್ಯವಾಗಿ ಸ್ಟಿರಾಯ್ಡ್‌ಗೆ ಬಗ್ಗುತ್ತದೆ, ವಾರ ಕಳೆದರೆ ಜೀವಕ್ಕೇ ಅಪಾಯ. ತಾನು ಏನು ತೆಗೆದುಕೊಳ್ಳುತ್ತಿದ್ದೇನೆಂದು ಗೊತ್ತಿಲ್ಲದವರು ಇದನ್ನು ಹೇಗೆ ಗುರುತಿಸಿಯಾರು? ಒಂದೇ ಸಲಕ್ಕೆ ಎಲ್ಲವನ್ನೂ ಹೇಳಬೇಕಿಲ್ಲ; ವೈದ್ಯರ ಎದುರಿಗೆ ಕೂರಿಸಿ, ತಂದೆಯವರು ಕೇಳಿದಷ್ಟಕ್ಕೆ ಸತ್ಯ ಹೇಳಿ. ಇಮ್ಯುನೋಥೆರಪಿ ನಡೆಯುತ್ತಿದೆ ಎಂಬ ಒಕ್ಕಣೆಯೂ ಆಸ್ಪತ್ರೆಯ ಫೋನ್ ಸಂಖ್ಯೆಯೂ ಇರುವ ಚೀಟಿಯೊಂದನ್ನು ಅವರ ಅಂಗಿಯ ಜೇಬಿನಲ್ಲಿಡಿ. ರಾತ್ರಿ ಹೊತ್ತು ಊರಿನ ವೈದ್ಯರ ಬಳಿಗೆ ಹೋಗಬೇಕಾಗಿ ಬಂದರೆ ಅವರು ಮೊದಲು ಓದಬೇಕಾದದ್ದು ಅದನ್ನೇ.