ಆಡಿಷನ್‌ಗೆ ಕಳಿಸ್ರಿ, ಆದರೆ ಮೊದಲು ಗುರುಗಳನ್ನ ಕೇಳ್ರಿ

ಅಕ್ಕಾರೆ, ಕಲಬುರಗಿಯಲ್ಲಿ ಭರತನಾಟ್ಯ ಕಲಿಯುತ್ತಿರುವ ಮಗಳನ್ನು ಟಿವಿ ಡ್ಯಾನ್ಸ್ ಶೋ ಆಡಿಷನ್‌ಗೆ ಕಳಿಸಿದರೆ ಕಲಿತದ್ದು ಕೆಡುತ್ತದೆಯೇ ಎಂದು ಕೇಳಿದ್ದೀರಿ. ಕಳಿಸ್ರಿ. ಆದರೆ ಅಲ್ಲಿ ಆ ಕಲೆಗೆ ಏನಾಗುತ್ತದೆ ಅಂತ ತಿಳಿದೇ ಕಳಿಸ್ರಿ.

ನೃತ್ಯ ಕಛೇರಿಯಲ್ಲಿ 'ವರ್ಣ' ಎಂಬ ಮುಖ್ಯ ನೃತ್ಯಬಂಧ ಒಂದಕ್ಕೇ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಹಾಡಿನ ಒಂದೇ ಸಾಲಿಗೆ ಹಲವು ಸಂಚಾರಿ (ಆ ಸಾಲಿನ ಭಾವವನ್ನು ಬೇರೆ ಬೇರೆ ಬಗೆಯಲ್ಲಿ ಬಿಡಿಸಿ ತೋರಿಸುವುದು), ನಡುವೆ ಜತಿ (ತಾಳದ ಸೊಲ್ಲುಗಳಿಗೆ ಹಾಕುವ ಹೆಜ್ಜೆ), ಮತ್ತೆ ಅಭಿನಯ. ಟಿವಿಯಲ್ಲಿ ಸಿಗುವುದು ಕೆಲವೇ ನಿಮಿಷ. ಹಾಗಾಗಿ ಉಳಿಯುವುದು ವೇಗದ ಜತಿ, ಸುತ್ತು, ಶಿವತಾಂಡವದ ಭಂಗಿ. ಅಭಿನಯವೇ ಮುಖ್ಯವಾದ ನಿಧಾನದ ಹಾಡು 'ಪದ'ಕ್ಕೆ ಜಾಗವೇ ಇಲ್ಲ. ಕ್ಯಾಮೆರಾ ಮುಖಕ್ಕೆ ಹೋದಾಗ ಮಂಡಿ ಬಗ್ಗಿಸಿ ಅರ್ಧ ಕೂತ ಅರೆಮಂಡಿ ಕಾಣಲ್ಲ, ಕಾಲಿಗೆ ಇಳಿದಾಗ ಕಣ್ಣು ಕಾಣಲ್ಲ. ಕೈ ಹೋದಲ್ಲಿ ಕಣ್ಣು ಹೋಗಬೇಕು ಎನ್ನುವ ಕಲೆಯನ್ನು ಹೀಗೆ ತುಂಡು ಮಾಡಿದರೆ ಏನು ಉಳಿಯಿತು? ಕಥಕ್‌ನಲ್ಲಿ ನೆಟ್ಟಗೆ ನಿಲ್ಲಬೇಕು, ಒಡಿಸ್ಸಿಗೆ ಮೈ ಮೂರು ಕಡೆ ಬಾಗುವ ತ್ರಿಭಂಗಿ ಬೇಕು. ಎಲ್ಲವನ್ನೂ ಕಲಸಿ 'ಕ್ಲಾಸಿಕಲ್ ರೌಂಡ್' ಅಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

(ಆ ಶೋಗಳನ್ನು ನೋಡಿಯೇ ಗೆಜ್ಜೆ ಕಟ್ಟಿದ ಮಕ್ಕಳೂ ಇದ್ದಾರೆ, ಅದೂ ಖರೆ.)

ನಿಮ್ಮ ಗುರುಗಳ ಒಪ್ಪಿಗೆ ಇಲ್ಲದೆ ಹೆಜ್ಜೆ ಇಡಬೇಡ್ರಿ. ಹಾಡು ಆರಿಸುವವರು ಯಾರು, ಅಡವು (ಮೂಲ ಹೆಜ್ಜೆ) ಬದಲಿಸುವವರು ಯಾರು ಅಂತ ಶೋ ತಂಡದವರನ್ನು ನೇರವಾಗಿ ಕೇಳ್ರಿ. ಭರತನಾಟ್ಯದ ಜೂನಿಯರ್ ಪರೀಕ್ಷೆ ಹತ್ತಿರವಿದ್ದರೆ ಈ ಸಲ ಬೇಡ. ನಿಮ್ಮೂರಿನ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಪೂರ್ತಿ ಭರತನಾಟ್ಯ ಕಾರ್ಯಕ್ರಮ ಇದ್ದಾಗ ಆಕೆಯನ್ನು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸ್ರಿ, ಕೊನೆಯ ನೃತ್ಯ ತಿಲ್ಲಾನ ಮುಗಿಯುವ ತನಕ ಎಬ್ಬಿಸಬೇಡ್ರಿ.