ಹಳೇ ಬೊಲೆರೊ ಪಿಕಪ್: ಹೊಸ ಬ್ಯಾಟರಿ ಹಾಕಿದರೂ ಚಾರ್ಜ್ ನಿಲ್ಲುತ್ತಿಲ್ಲ, ಡೈನಮೋ ಬದಲಿಸಲೇ?

ಡೈನಮೋಗೆ, ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್‌ಗೆ, ಈಗಲೇ ದುಡ್ಡು ಸುರಿಯಬೇಡಿ. ನೀವು ಕೊಟ್ಟಿರೋ ಲೆಕ್ಕ ಹೀಗಿದೆ: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿ 12.3 ವೋಲ್ಟ್, ಇಂಜಿನ್ ಓಡುವಾಗ ಲೈಟ್ ಇಲ್ಲದೆ 13.8, ಹೆಡ್‌ಲೈಟೂ ಬ್ಲೋವರೂ ಹಾಕಿದರೆ 12.9. ಬೆಳಗ್ಗೆ ಸೆಲ್ಫ್ ಎಳೆಯೋಕೆ ತಿಣುಕುತ್ತೆ. ಎಲೆಕ್ಟ್ರಿಷಿಯನ್ ‘ಡೈನಮೋ ಹೋಗಿದೆ’ ಅಂದಿದ್ದಾರೆ. ಹೋಗಿರಲೂಬಹುದು. ಆದರೆ ಈ ಅಂಕಿಗಳಿಂದ ಗೊತ್ತಾಗೋದು ಇಷ್ಟೇ: ಲೋಡ್ ಬಿದ್ದಾಗ ಬ್ಯಾಟರಿಗೆ ಸಿಗಬೇಕಾದ್ದು ಸಿಗುತ್ತಿಲ್ಲ. ಡೈನಮೋದಲ್ಲೇ ಹುಟ್ಟುತ್ತಿಲ್ಲವೋ, ದಾರಿಯಲ್ಲಿ ಸೋರಿಹೋಗುತ್ತಿದೆಯೋ ಅನ್ನೋದನ್ನ ಇನ್ನೂ ಯಾರೂ ಅಳೆದಿಲ್ಲ.

ಮೊದಲು ಬ್ಯಾಟರಿ. ಪೂರ್ತಿ ಚಾರ್ಜ್ ಆದದ್ದು ನಿಂತಾಗ 12.6ರ ಮೇಲಿರಬೇಕು, 12.3 ಅಂದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಹೊಸದಾದರೂ ಸರಿ, ಹೊರಗೆ ಬಿಚ್ಚಿಟ್ಟು ಪೂರ್ತಿ ಚಾರ್ಜ್ ಮಾಡಿಸಿ. ಹಸಿದ ಬ್ಯಾಟರಿ ತಾನೇ ಕರೆಂಟ್ ಎಳೆದು ಉಳಿದ ಅಳತೆಗಳನ್ನೆಲ್ಲ ಕೆಡಿಸುತ್ತೆ. ಹಾಗೇ ಬೆಲ್ಟ್ ನೋಡಿಬಿಡಿ. ಒಳಮೈ ಮಿರಮಿರ ಹೊಳೀತಿದ್ದರೆ, ಲೈಟ್ ಹಾಕಿದ ಕೂಡಲೇ ಕಿರುಗುಟ್ಟಿದರೆ, ಅದು ಜಾರುತ್ತಿದೆ.

ಇನ್ನು ಅಸಲಿ ಪರೀಕ್ಷೆ. ಹೆಡ್‌ಲೈಟ್, ಬ್ಲೋವರ್ ಎಲ್ಲಾ ಹಾಕಿ, ಒಬ್ಬರನ್ನು ಕೂರಿಸಿ ಹದವಾಗಿ ರೇಸ್ ಕೊಡಿಸಿ. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಒಂದು ಕಡ್ಡಿಯನ್ನು ಡೈನಮೋ ಹಿಂದಿನ ದಪ್ಪ ವೈರ್ ಕೂರುವ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೇ ಮುಟ್ಟಿಸಿ. ಕ್ಲಾಂಪಿಗಲ್ಲ, ಒಳಗಿನ ಸೀಸದ ಕಂಬಕ್ಕೆ. ಮೀಟರ್ 0.3ರ ಒಳಗಿದ್ದರೆ ಆ ಕಡೆ ಸರಿ. ಆಮೇಲೆ ಡೈನಮೋ ಬಾಡಿಗೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ. ಇಲ್ಲಿ 0.2 ದಾಟಬಾರದು. ಬೆಲ್ಟ್, ಫ್ಯಾನ್ ಪಕ್ಕದಲ್ಲೇ ತಿರುಗುತ್ತಿರುತ್ತೆ, ತೋಳು ಮಡಚಿಕೊಳ್ಳಿ, ಟವೆಲ್ ಹೆಗಲಿಂದ ತೆಗೆದಿಡಿ.

ವೈರಿನ ಎರಡೂ ತುದಿಗೆ ಮೀಟರ್ ಹಿಡಿದಾಗ ಬೀಪ್ ಬಂತು, ಹಾಗಾಗಿ ವೈರಿಂಗ್ ಸರಿ ಇದೆ ಅಂತ ಬರೆದಿದ್ದೀರಿ. ಆ ಬೀಪ್ ನಂಬಬೇಡಿ. ಜಾಯಿಂಟಿನಲ್ಲಿ ಬರೀ 0.03 ಓಮ್ ಅಡ್ಡಿ ಇದ್ದರೂ 30 ಆಂಪಿಯರ್ ಹರಿಯುವಾಗ 0.9 ವೋಲ್ಟ್ ಅಲ್ಲೇ ತಿಂದುಹೋಗುತ್ತೆ. ಅಷ್ಟು ಸಣ್ಣ ಅಡ್ಡಿಯನ್ನು ಸಾಮಾನ್ಯ ಮೀಟರಿನ ಓಮ್ ಸ್ಕೇಲ್ ಹಿಡಿಯೋದಿಲ್ಲ, ಬೀಪ್ ಅಂತೂ ಇಲ್ಲವೇ ಇಲ್ಲ.

ನಮ್ಮ ತರಕಾರಿ ಗಾಡಿಯಲ್ಲಿ ಇದೇ ಕಾಟ ಇತ್ತು. ಪಾಸಿಟಿವ್ ಕಡೆ ಏನೂ ಇಲ್ಲ, ಅರ್ಥ್ (ನೆಗೆಟಿವ್) ಕಡೆ 0.7. ಟಿಂಕರಿಂಗ್ ಮಾಡಿಸಿದಾಗ ಚಾಸಿಸ್‌ಗೆ ಪೇಂಟ್ ಹೊಡೆದು, ಅದರ ಮೇಲೇ ಇಂಜಿನ್ ಅರ್ಥ್ ಪಟ್ಟಿ ಬಿಗಿದಿದ್ದರು. ಬೋಲ್ಟ್ ಅಲ್ಲಾಡ್ತಿರಲಿಲ್ಲ, ನೋಡೋಕೆ ಹೊಸದರ ಹಾಗಿತ್ತು. ಪಟ್ಟಿಯ ಲಗ್ ಒಳಗೆ ಎಳೆಗಳೂ ಹಸಿರುಗಟ್ಟಿದ್ದವು. ಕಬ್ಬಿಣ ಬೆಳ್ಳಗಾಗೋವರೆಗೆ ಪೇಂಟ್ ಕೆರೆದು ಹೊಸ ಪಟ್ಟಿ ಹಾಕಿದ ಮೇಲೆ ಲೈಟ್ ಹಾಕಿಯೂ 14 ದಾಟಿತು.

ಎರಡೂ ಕಡೆ ಸೋರಿಕೆ ಇಲ್ಲ, ಡೈನಮೋ ಬೋಲ್ಟಿನಲ್ಲೇ 13 ಅಂದರೆ ಆಗ ಡೈನಮೋ ಬಿಚ್ಚಿಸಿ. ಅದಕ್ಕೂ ಮೊದಲು ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿ ಮೇಲೆ ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ಡೈನಮೋ ಒಳಗೆ ಎಸಿಯನ್ನು ಡಿಸಿ ಮಾಡೋ ಡಯೋಡ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಕೀ ಆನ್ ಮಾಡಿದಾಗ ಬ್ಯಾಟರಿ ಗುರುತಿನ ಕೆಂಪು ದೀಪ ಹತ್ತುತ್ತಾ ಅಂತಲೂ ನೋಡಿ. ಹಳೇ ಗಾಡಿಗಳಲ್ಲಿ ಡೈನಮೋ ಏಳೋಕೆ ಬೇಕಾದ ಮೊದಲ ಕರೆಂಟ್ ಆ ದೀಪದ ಮೂಲಕವೇ ಹೋಗೋದು. ಬಲ್ಬ್ ಹೋಗಿದ್ದರೆ ಜೋರಾಗಿ ರೇಸ್ ಕೊಡೋತನಕ ಡೈನಮೋ ಎಚ್ಚರವಾಗದೇ ಇರಬಹುದು. ಇದಕ್ಕೆಲ್ಲ ವಿರುದ್ಧವಾಗಿ ವೋಲ್ಟೇಜ್ 15 ದಾಟುತ್ತಿದ್ದರೆ ಅದನ್ನು ಹದದಲ್ಲಿಡೋ ಕಟೌಟ್ (ರೆಗ್ಯುಲೇಟರ್) ಮೇಲೆ ಅನುಮಾನ ಪಡಿ. ಕಟೌಟ್, ಕಾರ್ಬನ್ ಬ್ರಶ್ ಬಿಡಿಯಾಗಿ ಸಿಗುತ್ತವೆ, ಪೂರ್ತಿ ಡೈನಮೋ ಬೇಕಾಗಿಲ್ಲ.

ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಡೈನಮೋ ಚೆಕ್’ ಮಾಡೋ ಪದ್ಧತಿ ಇದೆಯಲ್ಲ, ಅದಕ್ಕೆ ಮಾತ್ರ ಒಪ್ಪಬೇಡಿ. ಆ ಕ್ಷಣ ವೋಲ್ಟೇಜ್ ಎಗರಿ ಚೆನ್ನಾಗಿರೋ ಡಯೋಡನ್ನೂ ಕಟೌಟನ್ನೂ ಸುಡಬಹುದು.

ಡೈನಮೋ ಇಳಿಸೋದೇ ಆದರೆ ಇನ್ನೊಂದು ವಿಷಯ. ಇಂಥ ಹಳೇ ಡೀಸೆಲ್ ಪಿಕಪ್‌ಗಳಲ್ಲಿ ಡೈನಮೋ ಬೆನ್ನಿಗೇ, ಬ್ರೇಕ್ ಹಗುರಾಗಿ ಒತ್ತೋಕೆ ನೆರವಾಗೋ ವ್ಯಾಕ್ಯೂಮ್ ಪಂಪ್ ಅಂಟಿಕೊಂಡಿರೋದು ಮಾಮೂಲು. ಅದರ ಸೀಲ್ ಹೋದರೆ ಇಂಜಿನ್ ಆಯಿಲ್ ಒಳಗಿಳಿದು ಕಾರ್ಬನ್ ಜಿಡ್ಡಾಗಿ ಚಾರ್ಜ್ ಬಿದ್ದುಹೋಗುತ್ತೆ. ಸೀಲ್ ಬದಲಿಸದೆ ಬರೀ ಕಾರ್ಬನ್ ಹಾಕಿಸಿದರೆ ತಿರುಗಿ ಅದೇ ಕತೆ. ವಾಪಸ್ ಕೂರಿಸಿದ ಮೇಲೆ ಆಯಿಲ್ ಪೈಪು, ವ್ಯಾಕ್ಯೂಮ್ ಹೋಸು ಎರಡೂ ಬಿಗಿಯಾಗಿವೆಯಾ ನೋಡಿ, ಸ್ಟಾರ್ಟ್ ಮಾಡಿ ನಿಂತಲ್ಲೇ ಬ್ರೇಕ್ ಒತ್ತಿ. ಪೆಡಲ್ ಕಲ್ಲಿನ ಹಾಗಿದ್ದರೆ ಗಾಡಿ ಶೆಡ್ಡಿಂದ ಹೊರಗೆ ತರಬೇಡಿ.