ರಿಪೋರ್ಟ್ ನಾರ್ಮಲ್ ಬಂದಿದೆ, ಮಗ ಮಾತ್ರ ಮೊದಲಿನ ಹಾಗಿಲ್ಲ

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ನಾಲ್ಕು ತಿಂಗಳಿಂದ ಮಂಕಾಗಿದ್ದಾನೆ. ಗೆಳೆಯರ ಫೋನ್ ಎತ್ತುವುದಿಲ್ಲ, ರಾತ್ರಿ ಎರಡಾದರೂ ನಿದ್ದೆ ಮಾಡುವುದಿಲ್ಲ, ಬೆಳಗ್ಗೆ ಎಬ್ಬಿಸಿದರೂ ಏಳುವುದಿಲ್ಲ. ಆಸೆಪಟ್ಟು ಕಲಿತ ಗಿಟಾರ್ ಮುಟ್ಟಿ ಎಷ್ಟು ದಿನವಾಯಿತೋ. ಕೇಳಿದರೆ ‘ಏನೂ ಅನ್ನಿಸ್ತಾನೇ ಇಲ್ಲಮ್ಮ’ ಅಂತಾನೆ. ಒತ್ತಡದ ಹಾರ್ಮೋನು ನೋಡಿ ಗಂಡುಮಕ್ಕಳ ಖಿನ್ನತೆ ಕಂಡುಹಿಡಿಯಬಹುದು ಎಂದು ಎಲ್ಲೋ ಓದಿ, ನಾವೇ ಲ್ಯಾಬ್‌ಗೆ ಕರೆದೊಯ್ದು ಕಾರ್ಟಿಸೋಲ್ ಪರೀಕ್ಷೆ ಮಾಡಿಸಿದೆವು. ನಾರ್ಮಲ್ ಬಂತು. ‘ಕಾಯಿಲೆಯೂ ಇಲ್ಲ ಏನೂ ಇಲ್ಲ, ಬರೀ ಸೋಮಾರಿತನ’ ಅಂತಾರೆ ನಮ್ಮ ಯಜಮಾನರು. ನನಗೆ ಸಮಾಧಾನವಿಲ್ಲ. ಇನ್ನೊಮ್ಮೆ ಮಾಡಿಸಲೇ? ರಿಪೋರ್ಟಿನ ಪ್ರತಿ ಕಳಿಸಿದ್ದೇನೆ.

ಉತ್ತರ: ಇನ್ನೊಮ್ಮೆ ಮಾಡಿಸಬೇಡಿ. ಈ ರಿಪೋರ್ಟನ್ನು ನಂಬಿ ಸುಮ್ಮನೆ ಕೂರಲೂ ಬೇಡಿ. ನಿಮ್ಮ ಮಗನನ್ನು ಈ ವಾರವೇ ಮನೋವೈದ್ಯರಿಗೆ ತೋರಿಸಿ.

ನೀವು ಕಳಿಸಿದ ಹಾಳೆಯ ಮೇಲ್ಗಡೆ ಮೂಲೆಯಲ್ಲಿ ರಕ್ತ ತೆಗೆದ ಹೊತ್ತು ನಮೂದಾಗಿದೆ: 11.40. ಅದರ ಪಕ್ಕದಲ್ಲಿ ‘ಇಷ್ಟರಿಂದ ಇಷ್ಟರೊಳಗೆ ಇರಬೇಕು’ ಎಂದು ಕೊಟ್ಟಿರುವ ಅಂಕಿ ಬೆಳಗ್ಗೆ 8ರ ಹೊತ್ತಿನ ರಕ್ತಕ್ಕೆ ಸೇರಿದ್ದು. ಕಾರ್ಟಿಸೋಲ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಎಚ್ಚರವಾದ ಅರ್ಧ ಮುಕ್ಕಾಲು ಗಂಟೆಯಲ್ಲಿ ಏರಿ, ಆಮೇಲೆ ಇಳಿಯುತ್ತಾ ಹೋಗಿ, ನಡುರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ. ರಾತ್ರಿ ಎರಡರ ಮೇಲೆ ಮಲಗಿ ಹೊತ್ತೇರಿ ಏಳುವ ಹುಡುಗನಲ್ಲಿ ಈ ಏರಿಳಿತವೇ ಹಿಂದುಮುಂದಾಗಿರಬಹುದು. ಸೂಜಿ ಚುಚ್ಚಿದ ಭಯ, ಹಿಂದಿನ ರಾತ್ರಿ ಕೆಟ್ಟ ನಿದ್ದೆ, ಅಸ್ತಮಾದ ಸ್ಟೀರಾಯ್ಡ್ ಇನ್‌ಹೇಲರ್, ಇವೆಲ್ಲ ಆ ಅಂಕಿಯನ್ನು ಅಲುಗಾಡಿಸುತ್ತವೆ. ಒಂದು ದಿನದ ಒಂದು ಅಂಕಿ ಹಿಡಿದುಕೊಂಡು ನಾಲ್ಕು ತಿಂಗಳ ಸಂಕಟವನ್ನು ಅಳೆಯಲಾಗದು.

ನೀವು ಓದಿದ ಸುದ್ದಿ ಬಹುಶಃ 2014ರ ಕೇಂಬ್ರಿಜ್ ವಿಶ್ವವಿದ್ಯಾಲಯದ ಅಧ್ಯಯನದ್ದು. ಅಧ್ಯಯನ ಒಳ್ಳೆಯದೇ. 1,800ಕ್ಕೂ ಹೆಚ್ಚು ಹದಿಹರೆಯದವರಿಂದ ಒಂದಲ್ಲ, ಹಲವು ದಿನ ಬೆಳಗ್ಗೆ ಜೊಲ್ಲು ಪಡೆದು ಕಾರ್ಟಿಸೋಲ್ ಅಳೆದರು. ಅದರ ಜೊತೆಗೆ ‘ನಿನಗೆ ಹೇಗನ್ನಿಸುತ್ತಿದೆ’ ಎಂದೂ ಕೇಳಿ ಬರೆದುಕೊಂಡರು. ಬೆಳಗಿನ ಕಾರ್ಟಿಸೋಲ್ ಹೆಚ್ಚು, ಮನಸ್ಸೂ ಕುಗ್ಗಿದೆ ಎಂಬ ಹುಡುಗರಲ್ಲಿ, ಇವೆರಡೂ ಇಲ್ಲದವರಿಗಿಂತ ಮುಂದೆ ತೀವ್ರ ಖಿನ್ನತೆ ಬರುವ ಸಂಭವ 14 ಪಟ್ಟಿನವರೆಗೆ ಹೆಚ್ಚಿತ್ತು. ಹುಡುಗಿಯರಲ್ಲಿ ಸುಮಾರು 4 ಪಟ್ಟು. ಸುದ್ದಿಯಲ್ಲಿ ಆ 14 ಮಾತ್ರ ದಪ್ಪಕ್ಷರದಲ್ಲಿ ಬಂತು. ಅದು ಮುಂದೆ ಯಾರಿಗೆ ಅಪಾಯ ಹೆಚ್ಚು ಎಂದು ಗುಂಪುಗಳಲ್ಲಿ ನೋಡಿದ ಲೆಕ್ಕ. ಈಗಾಗಲೇ ಕುಗ್ಗಿ ಕೂತಿರುವ ಒಬ್ಬ ಹುಡುಗನಿಗೆ ಖಿನ್ನತೆ ಇದೆಯೋ ಇಲ್ಲವೋ ಎಂದು ಹೇಳುವ ಪರೀಕ್ಷೆಯಲ್ಲ. ಅಲ್ಲೂ ಹಾರ್ಮೋನು ಒಂದನ್ನೇ ನೋಡಲಿಲ್ಲ, ಹುಡುಗರ ಮಾತನ್ನೂ ಕೇಳಿದರು ಎಂಬುದನ್ನು ನಿಮ್ಮ ಯಜಮಾನರಿಗೆ ಹೇಳಿ.

ಖಿನ್ನತೆಗೆ ಲ್ಯಾಬ್ ಪರೀಕ್ಷೆ ಬೇಕು ಎಂಬ ಹಂಬಲ ನಮ್ಮ ವೃತ್ತಿಗೂ ಹಳೆಯದು. 1981ರಲ್ಲಿ ಅಮೆರಿಕದಲ್ಲಿ ಬರ್ನಾರ್ಡ್ ಕ್ಯಾರೊಲ್ ಮತ್ತು ಸಂಗಡಿಗರು ಒಂದು ವಿಧಾನ ಮುಂದಿಟ್ಟರು. ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ಮಾತ್ರೆ. ಅದು ಹೊರಗಿನಿಂದ ಬಂದ ಸ್ಟೀರಾಯ್ಡ್. ‘ಇನ್ನು ಸಾಕು’ ಎಂದು ಮೆದುಳು ಕಾರ್ಟಿಸೋಲ್ ತಯಾರಿಯನ್ನು ತಗ್ಗಿಸಬೇಕು. ಮಾರನೆಯ ದಿನದ ರಕ್ತದಲ್ಲಿ ತಗ್ಗದಿದ್ದರೆ ತೀವ್ರ ಸ್ವರೂಪದ ಖಿನ್ನತೆ ಎಂದು ತಿಳಿಯುವುದು. ಅವರ ಲೆಕ್ಕದಲ್ಲಿ ಕಾಯಿಲೆಯಿದ್ದ 100 ಜನರಲ್ಲಿ 67 ಮಂದಿಯನ್ನು ಅದು ಹಿಡಿಯುತ್ತಿತ್ತು. ಅಂದರೆ ಪರೀಕ್ಷೆಯ ಒಳ್ಳೆಯ ದಿನಗಳಲ್ಲೂ ಮೂರರಲ್ಲಿ ಒಬ್ಬರು ‘ನಾರ್ಮಲ್’ ಎನಿಸಿಕೊಂಡೇ ನರಳುತ್ತಿದ್ದರು. ಕೆಲವೇ ವರ್ಷಗಳಲ್ಲಿ ಇನ್ನಷ್ಟು ತೊಡಕು ಕಂಡಿತು. ಏಕಾಏಕಿ ತೂಕ ಇಳಿದವರಲ್ಲಿ, ಕುಡಿತ ಬಿಡುತ್ತಿದ್ದವರಲ್ಲಿ, ಮರೆವಿನ ಕಾಯಿಲೆಯವರಲ್ಲಿ ಕೂಡ ಕಾರ್ಟಿಸೋಲ್ ತಗ್ಗದೆ ನಿಂತಿತು. ಖಿನ್ನತೆಯಲ್ಲೇ ಒಂದು ಬಗೆ ಇದೆ, ನಿದ್ದೆಯೂ ಹಸಿವೂ ಹೆಚ್ಚುವಂಥದ್ದು; ಅದರಲ್ಲಿ ಕಾರ್ಟಿಸೋಲ್ ಸರಿಯಾಗಿಯೋ ಕಡಿಮೆಯೋ ಇರಬಹುದು. ಇಂದು ಖಿನ್ನತೆ ಪತ್ತೆಗೆ ಆ ಪರೀಕ್ಷೆಯನ್ನು ಯಾರೂ ಬರೆದುಕೊಡುವುದಿಲ್ಲ.

ಹಾಗೆಂದು ಕಾರ್ಟಿಸೋಲ್ ಪರೀಕ್ಷೆಯೇ ದಂಡ ಅಲ್ಲ. ಮುಖ ಗುಂಡಗಾಗಿ, ಹೊಟ್ಟೆಯ ಮೇಲೆ ನೇರಳೆ ಗೀರು ಮೂಡಿ, ರಕ್ತದೊತ್ತಡ ಏರಿದರೆ, ಮಕ್ಕಳಲ್ಲಾದರೆ ತೂಕ ಹೆಚ್ಚುತ್ತಾ ಎತ್ತರ ಮಾತ್ರ ನಿಂತುಹೋದರೆ, ಅದು ಕುಶಿಂಗ್ ಕಾಯಿಲೆ ಇರಬಹುದು. ಅಲ್ಲಿ ಕಾರ್ಟಿಸೋಲ್ ವಿಪರೀತ ಇರುತ್ತದೆ, ಖಿನ್ನತೆಯೂ ಬಹಳ ಸಲ ಜೊತೆಗಿರುತ್ತದೆ. ನೀವು ಬರೆದುದರಲ್ಲಿ ಅಂಥ ಸುಳಿವು ಇಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಲು ವೈದ್ಯರು ಹೇಳಿದರೆ ಮಾಡಿಸಿ. ಅವುಗಳ ಕೊರತೆಯೂ ಮನುಷ್ಯನನ್ನು ಹೀಗೇ ಸುಸ್ತು ಮಾಡುತ್ತದೆ.

ಖಿನ್ನತೆಯನ್ನು ವೈದ್ಯರು ಗುರುತಿಸುವುದು ಮಾತಿನಲ್ಲಿ. ಎರಡು ವಾರಕ್ಕೂ ಮೀರಿ, ಹೆಚ್ಚುಕಡಿಮೆ ದಿನವೂ, ಮನಸ್ಸು ಕುಗ್ಗಿದೆಯೇ, ಇಷ್ಟವಾದದ್ದರಲ್ಲಿ ಆಸಕ್ತಿ ಹೋಗಿದೆಯೇ, ನಿದ್ದೆ, ಹಸಿವು, ಗಮನ ಹೇಗಿದೆ ಎಂದು ಒಂದೊಂದಾಗಿ ಕೇಳುತ್ತಾರೆ. ಈ ವಯಸ್ಸಿನವರಲ್ಲಿ ದುಃಖಕ್ಕಿಂತ ಸಿಡುಕೇ ಎದ್ದು ಕಾಣುವುದೂ ಉಂಟು. ನಾಲ್ಕು ತಿಂಗಳು, ಮುಟ್ಟದ ಗಿಟಾರ್, ತಪ್ಪಿದ ನಿದ್ದೆ: ನೀವು ಬರೆದ ಈ ಮೂರು ಸಾಲು ಆ ರಿಪೋರ್ಟಿಗಿಂತ ನನಗೆ ಹೆಚ್ಚು ಹೇಳಿತು.

ಇಂದೇ ಮಾಡಬೇಕಾದ ಒಂದು ಕೆಲಸವಿದೆ. ಅವನ ಪಕ್ಕ ಕೂತು ನೇರವಾಗಿ ಕೇಳಿ: ‘ಬದುಕೋದೇ ಬೇಡ ಅಂತ ಯಾವತ್ತಾದರೂ ಅನ್ನಿಸಿದೆಯಾ ಕಂದಾ?’ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಹೌದೆಂದರೆ ಬೈಯಬೇಡಿ, ಒಬ್ಬನನ್ನೇ ಬಿಡಬೇಡಿ, ಮನೆಯಲ್ಲಿರುವ ಮಾತ್ರೆ, ಕೀಟನಾಶಕಗಳನ್ನು ಕೈಗೆ ಸಿಗದಂತೆ ಇಟ್ಟು ಆವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ವೈದ್ಯರ ಬಳಿಗೆ ಸಾಧ್ಯವಾದರೆ ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಸ್ವಲ್ಪ ಹೊತ್ತು ಮಗ ಒಬ್ಬನೇ ವೈದ್ಯರ ಹತ್ತಿರ ಮಾತಾಡಲಿ, ನೀವಿಬ್ಬರೂ ಹೊರಗೆ ಕೂತಿರಿ. ಅವನು ನಿಮಗೆ ಹೇಳಿದ ‘ಏನೂ ಅನ್ನಿಸ್ತಾನೇ ಇಲ್ಲಮ್ಮ’ ಎಂಬ ಮಾತನ್ನು ಮಾತ್ರ ನೀವೇ, ಅವನ ಪದಗಳಲ್ಲೇ, ವೈದ್ಯರಿಗೆ ಹೇಳಿ.